ಎಲ್ಲಿ ತಂಗಬೇಕು? ಆನೆಗೊಂದಿ ಕೇಳುವ ಪ್ರಶ್ನೆ

ಪ್ರವಾಸ ಹೊರಡುವವರು ಮೊದಲು ಯೋಚಿಸುವುದು ಎರಡು ಸಂಗತಿಗಳನ್ನು: ಹೇಗೆ ಹೋಗುವುದು, ಎಲ್ಲಿ ಉಳಿಯುವುದು. ಇವುಗಳಲ್ಲಿ ಎರಡನೆಯದು ತೀರ ಖಾಸಗಿ ವಿಷಯವೆಂಬುದು ಎಲ್ಲರ ಭಾವನೆ. ಬಾಡಿಗೆ ಎಷ್ಟು, ಕಿಟಕಿ ತೆರೆದರೆ ಏನು ಕಾಣುತ್ತದೆ, ಬಿಸಿನೀರು ಉಂಟೇ, ನೋಡುವ ಸ್ಥಳಗಳಿಗೆ ಎಷ್ಟು ದೂರ ಎಂದು ವಿಚಾರಿಸಿ ಹಣ ಕೊಟ್ಟರೆ ಮುಗಿಯಿತು. ಆದರೆ ಒಂದು ಸಣ್ಣ ಊರಿಗೆ ವರ್ಷವರ್ಷವೂ ಸಾವಿರಾರು ಜನ ಬಂದು ಇದೇ ಆಯ್ಕೆಯನ್ನು ಒಬ್ಬೊಬ್ಬರಾಗಿ ಮಾಡುತ್ತ ಹೋದಾಗ ಅದು ಖಾಸಗಿಯಾಗಿ ಉಳಿಯುವುದಿಲ್ಲ. ಗದ್ದೆ ಗದ್ದೆಯಾಗಿಯೇ ಇರಬೇಕೇ, ಹೊಳೆಯ ದಂಡೆಯಲ್ಲಿ ಯಾರು ಓಡಾಡಬಹುದು, ಕೊಳವೆಬಾವಿಯ ನೀರು ಮೊದಲು ಯಾರ ಕೊಡಕ್ಕೆ ಬೀಳಬೇಕು ಎಂಬುದನ್ನೆಲ್ಲ ಆ ಆಯ್ಕೆಯೇ ತೀರ್ಮಾನಿಸಿಬಿಡುತ್ತದೆ. ಗ್ರಾಮಸಭೆಯ ಚರ್ಚೆಗೆ ಒಮ್ಮೆಯೂ ಬಾರದೆ ಊರಿನ ಮೇಲೆ ಜಾರಿಯಾಗುವ ತೀರ್ಮಾನವಿದು.

ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿ ಮತ್ತು ಅದರ ನೆರೆಯ ಹಳ್ಳಿಗಳಲ್ಲಿ ಈ ಮಾತಿನ ಸತ್ಯ ಕಳೆದ ಮೂರು ದಶಕಗಳಲ್ಲಿ ಹಂತಹಂತವಾಗಿ ಬಯಲಾಗಿದೆ. ಅಲ್ಲಿ ನಡೆದದ್ದನ್ನು ಗಟ್ಟದ ಮೇಲಿನ ಹಳ್ಳಿಗಳು ತಿಳಿದುಕೊಳ್ಳುವುದು ಅಗತ್ಯ. ಬಯಲುಸೀಮೆಯ ಹೊಳೆದಂಡೆಯಲ್ಲಿ ಆದದ್ದೇ ಇಂದು ಮಲೆನಾಡಿನ ಇಳಿಜಾರುಗಳಲ್ಲಿ ಬೇರೆ ಹೆಸರಿನಲ್ಲಿ ಆಗುತ್ತಿದೆ.

ಹೊಳೆಯ ಎರಡು ದಡ

ತುಂಗಭದ್ರೆಯ ದಕ್ಷಿಣಕ್ಕೆ ಹಂಪಿ, ಉತ್ತರಕ್ಕೆ ಆನೆಗೊಂದಿ. ವಿಜಯನಗರದ ರಾಜಧಾನಿ ದಕ್ಷಿಣ ದಡದಲ್ಲಿ ಬೆಳೆಯುವ ಮುನ್ನವೇ ಉತ್ತರ ದಡದ ಆನೆಗೊಂದಿ ಕೋಟೆಯ ಊರಾಗಿತ್ತು. 1520ರ ಸುಮಾರಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇಲ್ಲಿ ಜನರು ಬುಟ್ಟಿಯಂತೆ ದುಂಡಗಿರುವ, ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಆ ಹರಿಗೋಲು ಇಂದಿಗೂ ತುಂಗಭದ್ರೆಯಲ್ಲಿದೆ. ಹೊಳೆಯ ನಡುವಿನ ನಡುಗಡ್ಡೆಯಲ್ಲಿ ಮಾಧ್ವ ಯತಿಗಳ ನವಬೃಂದಾವನ, ಊರ ಸುತ್ತ ರಂಗನಾಥ ದೇವಾಲಯ, ಗಗನಮಹಲು, ಪಂಪಾಸರೋವರ, ಸ್ವಲ್ಪ ದೂರದಲ್ಲಿ 575 ಮೆಟ್ಟಿಲುಗಳ ಅಂಜನಾದ್ರಿ ಇವೆ. ಇವುಗಳ ನಡುವೆ ಕಾಲುವೆಯ ನೀರುಂಡ ಭತ್ತದ ಗದ್ದೆ, ಬಾಳೆಯ ತೋಟ. ಗದ್ದೆಯ ಅಂಚಿನಿಂದಲೇ ಎದ್ದು ನಿಲ್ಲುವ ಬೆಣಚುಬಂಡೆಗಳ ಗುಡ್ಡ.

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿಗೂ ತಳವಾರಘಟ್ಟಕ್ಕೂ ನಡುವೆ ಕಟ್ಟತೊಡಗಿದ್ದ ಸೇತುವೆಯೇ ಮುಖ್ಯ ಕಾರಣವಾಗಿ 1999ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿ, 2006ರಲ್ಲಿ ಅಲ್ಲಿಂದ ಹೊರಬಂತು. 2009ರ ಜನವರಿಯಲ್ಲಿ ಆ ಸೇತುವೆ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಈ ನಡುವೆ 2002ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾಯಿದೆ ಮಾಡಿ, ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ಸ್ಥಾಪಿಸಿ, ಎರಡೂ ದಡಗಳ 29 ಹಳ್ಳಿಗಳ ಸುಮಾರು 236 ಚದರ ಕಿಲೋಮೀಟರ್ ಪ್ರದೇಶವನ್ನು ಅದರ ಕೈಗೊಪ್ಪಿಸಿತು. ಆನೆಗೊಂದಿಯೂ ಅದರಲ್ಲಿ ಒಂದು. ಹಳ್ಳಿಗ ತನ್ನ ಮನೆಗೆ ಒಂದು ಕೋಣೆ ಸೇರಿಸಬೇಕಾದರೂ ಈ ಪ್ರಾಧಿಕಾರದ ಒಪ್ಪಿಗೆ ಬೇಕೆಂಬುದನ್ನು ಇಲ್ಲಿ ನೆನಪಿಡಬೇಕು. ಮುಂದಿನ ಕಥೆಗೆ ಇದು ಮುಖ್ಯ.

ಬಂದವರಿಗೆ ಉಳಿಯಲು ಇಲ್ಲಿ ನಾಲ್ಕು ಬಗೆಯ ಜಾಗಗಳಿವೆ. ಹಂಪಿಗೆ ಹದಿಮೂರು ಕಿಲೋಮೀಟರ್ ದೂರದ ಹೊಸಪೇಟೆಯ, ಇಲ್ಲವೇ ಈ ದಡದ ಗಂಗಾವತಿಯ ವಸತಿಗೃಹಗಳು ಮೊದಲನೆಯ ಬಗೆ. ಹಂಪಿ ಊರೊಳಗಿನ ಸಣ್ಣ ತಂಗುಮನೆಗಳು ಎರಡನೆಯವು. ಆನೆಗೊಂದಿಯ ಓಣಿಗಳಲ್ಲಿ ಊರವರ ಮನೆಯೊಳಗೆ ಸಿಗುವ ಕೋಣೆಗಳು ಮೂರನೆಯವು. ಸಾಣಾಪುರ, ಹನುಮನಹಳ್ಳಿಗಳ ಸುತ್ತ ಗದ್ದೆ, ಬಂಡೆ, ನೀರಂಚುಗಳಲ್ಲಿ ಎದ್ದಿರುವ ರೆಸಾರ್ಟುಗಳು ನಾಲ್ಕನೆಯವು. ಇತ್ತೀಚೆಗೆ ಬರುವ ಯುವಜನರಲ್ಲಿ ಬಹುಪಾಲಿಗೆ ನಾಲ್ಕನೆಯದೇ ಆಕರ್ಷಣೆ. ಹಾಸಿಗೆಯಲ್ಲಿ ಮಲಗಿಯೇ ಹಸಿರು ಗದ್ದೆ, ಅದರಾಚೆ ಬಂಡೆ, ಬಂಡೆಯ ಮೇಲೆ ಮುಳುಗುವ ಸೂರ್ಯ ಕಾಣಬೇಕು. ಈ ನೋಟಕ್ಕಾಗಿಯೇ ಗದ್ದೆಯ ನಡುವೆ ಕೋಣೆ ಕಟ್ಟಲಾಗುತ್ತದೆ. ಹಾಗೆ ಕಟ್ಟಿದ ಪ್ರತಿಯೊಂದು ಕೋಣೆಯಿಂದಲೂ ಆ ನೋಟದ ಒಂದು ತುಣುಕು ಇಲ್ಲವಾಗುತ್ತದೆ.

ಗಡ್ಡೆಯ ಪಾಠ

ಇದರ ಮೊದಲ ಅಧ್ಯಾಯ ವಿರುಪಾಪುರ ಗಡ್ಡೆಯದು. ವಿರೂಪಾಕ್ಷ ದೇವಾಲಯದ ಎದುರು ದಡದಲ್ಲಿ, ಹೊಳೆಯ ಕವಲುಗಳ ನಡುವೆ ಇರುವ ಈ ನೆಲ ಒಂದು ಕಾಲಕ್ಕೆ ಬರಿಯ ಗದ್ದೆಗಳ ಜಾಗವಾಗಿತ್ತು. ಚಳಿಗಾಲದಲ್ಲಿ ಗೋವಾ, ಗೋಕರ್ಣಗಳ ಕಡಲತೀರಕ್ಕೆ ಬರುತ್ತಿದ್ದ ವಿದೇಶಿ ಯುವಕರು ಅಲ್ಲಿಂದ ಹಂಪಿಗೂ ಬಂದು, ದೋಣಿ ದಾಟಿ ಗಡ್ಡೆಯಲ್ಲಿ ವಾರಗಟ್ಟಲೆ ಉಳಿಯತೊಡಗಿದರು. ಬಂಡೆ ಹತ್ತುವ ಕ್ರೀಡೆಯ ಕ್ರಿಸ್ ಶರ್ಮಾ ಮುಂತಾದವರು ಇಲ್ಲಿ ಬಂಡೆಗಳನ್ನು ಹತ್ತಿದ ಚಿತ್ರಣ 2003ರ 'ಪಿಲ್‌ಗ್ರಿಮೇಜ್' ಚಲನಚಿತ್ರದಲ್ಲಿ ಬಂದ ಮೇಲೆ ಜಗತ್ತಿನ ನಾನಾ ಕಡೆಯ ಆಟಗಾರರಿಗೂ ಈ ಬಂಡೆಗಳ ಹೆಸರು ತಿಳಿಯಿತು. ಕಡಲತೀರದ ಊರಿಗೆ ಅಲೆ ಹೇಗೋ ಆನೆಗೊಂದಿಯ ಸೀಮೆಗೆ ಬಂಡೆ ಹಾಗೆ. ಆಟಕ್ಕೆ ಬಂದವರಿಗೆ ಆಟದ ಅಂಗಳದ ಪಕ್ಕದಲ್ಲಿಯೇ ಹಾಸಿಗೆ ಬೇಕು. ಮೊದಲು ಗುಡಿಸಲು, ಬಳಿಕ ತಗಡಿನ ಮಾಡು, ಆಮೇಲೆ ಕಾಂಕ್ರೀಟು ಎಂಬ ಕ್ರಮದಲ್ಲಿ ಗಡ್ಡೆ 'ಹಿಪ್ಪಿ ದ್ವೀಪ' ಎಂಬ ಹೆಸರು ಪಡೆಯಿತು.

ಆ ನೆಲ 1988ರ ಸರ್ಕಾರಿ ಅಧಿಸೂಚನೆಯಂತೆ ಸಂರಕ್ಷಿತ ಪ್ರದೇಶಕ್ಕೆ ಸೇರಿತ್ತು. ಕಟ್ಟಡಗಳು ಏಳುತ್ತಿದ್ದಷ್ಟು ಕಾಲವೂ ಅಧಿಸೂಚನೆ ಕಡತದಲ್ಲಿತ್ತು. ಪ್ರಾಧಿಕಾರ ನೋಟಿಸು ಕೊಟ್ಟಿತು, ಮಾಲೀಕರು ನ್ಯಾಯಾಲಯಕ್ಕೆ ಹೋದರು, ವರ್ಷಗಳು ಉರುಳಿದವು, ಅಷ್ಟರಲ್ಲಿ ಇನ್ನಷ್ಟು ಕೋಣೆಗಳು ಎದ್ದವು. ರಾಜ್ಯದ ಹೈಕೋರ್ಟು 2015ರಲ್ಲಿ ಅವರ ವಿರುದ್ಧ ತೀರ್ಪಿತ್ತಿತು. 2019ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದಿಂದ ಭಾರೀ ಪ್ರಮಾಣದ ನೀರು ಬಿಟ್ಟಾಗ ಗಡ್ಡೆಯ ಸಂಪರ್ಕ ಕಡಿದು, ವಿದೇಶಿಯರೂ ಸೇರಿ ನೂರಾರು ಪ್ರವಾಸಿಗರು ಅಲ್ಲಿ ಸಿಕ್ಕಿಕೊಂಡರು. ಅವರನ್ನು ದೋಣಿ, ಹೆಲಿಕಾಪ್ಟರುಗಳಿಂದ ಹೊರತರಬೇಕಾಯಿತು. ಹೊಳೆ ತನ್ನ ನೆಲ ಯಾವುದೆಂದು ನ್ಯಾಯಾಲಯಕ್ಕಿಂತ ಮೊದಲೇ ತೋರಿಸಿಕೊಟ್ಟಿತ್ತು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಮಾರ್ಚಿನಲ್ಲಿ ಯಂತ್ರಗಳು ಬಂದು ಗಡ್ಡೆಯನ್ನು ತೆರವು ಮಾಡಿದವು.

ಕಾನೂನಿನ ದೃಷ್ಟಿಯಿಂದ ಇದು ಸರಿಯಾದ ತೀರ್ಮಾನ. ಪರಿಸರದ ದೃಷ್ಟಿಯಿಂದಲೂ ಅದನ್ನು ತಪ್ಪೆನ್ನಲಾಗದು. ಆದರೆ ಅದನ್ನು ಗೆಲುವೆಂದು ಸಂಭ್ರಮಿಸುವುದು ಅವಸರದ ಮಾತಾದೀತು. ಮೂರು ದಶಕಗಳ ಕಾಲ ಬೆಳೆಯಲು ಬಿಟ್ಟು ಮೂರು ದಿನಗಳಲ್ಲಿ ಕೆಡಹುವ ಆಡಳಿತದಲ್ಲಿ ನಷ್ಟ ಹೊರುವವರು ಯಾರು? ಅಡುಗೆಯವರು, ಕೋಣೆ ಗುಡಿಸುವ ಹೆಂಗಸರು, ಆಟೋ ಓಡಿಸುವವರು, ತರಕಾರಿ ಒದಗಿಸುವ ರೈತರು. ಹೊಳೆಯಾಚೆ ಹಂಪಿಯಲ್ಲಿಯೂ 2011ರ ಜುಲೈಯಲ್ಲಿ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರ ಹೂಡಿದ್ದ ಕುಟುಂಬಗಳನ್ನು ಹೀಗೆಯೇ ಎಬ್ಬಿಸಲಾಗಿತ್ತು. ತಡವಾಗಿ ಬಂದ ಕಾನೂನು ಬಡವನ ಮೇಲೆಯೇ ಮೊದಲು ಬೀಳುತ್ತದೆ ಎಂಬುದು ಎರಡೂ ದಡಗಳ ಅನುಭವ.

ತೆರವಾದದ್ದು ಎಲ್ಲಿಗೆ ಹೋಯಿತು?

ಗಡ್ಡೆ ಬರಿದಾಯಿತು, ಪ್ರವಾಸಿ ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ. ಕೊರೋನಾ ಕಾಲದ ನಿರ್ಬಂಧಗಳು ಸಡಿಲವಾದೊಡನೆ ಬೆಂಗಳೂರು, ಹೈದರಾಬಾದುಗಳಿಂದ ವಾರಾಂತ್ಯಕ್ಕೆ ಬರುವವರ ಸಂಖ್ಯೆ ಹೆಚ್ಚಿತು. ಅವರಿಗೂ ಅದೇ ನೋಟ, ಅದೇ ಹೊಳೆ, ಅದೇ ಬಂಡೆ ಬೇಕಿತ್ತು. ಗಡ್ಡೆಯಲ್ಲಿ ಸಿಗದಿದ್ದುದು ಸಾಣಾಪುರದ ಕೆರೆಯ ಸುತ್ತ, ಕಾಲುವೆಯ ಬದಿಯಲ್ಲಿ, ಅಂಜನಾದ್ರಿಯ ದಾರಿಯ ಇಕ್ಕೆಲಗಳಲ್ಲಿ ಸಿಗತೊಡಗಿತು. ಪ್ರಾಧಿಕಾರ ಮತ್ತೆ ನೋಟಿಸು ಕೊಡತೊಡಗಿತು. ರೋಗ ಒಂದು ಅಂಗದಿಂದ ಇನ್ನೊಂದು ಅಂಗಕ್ಕೆ ಸರಿದುದನ್ನು ಗುಣವಾಯಿತೆಂದು ಕರೆಯುವುದುಂಟೇ?

ಸಾಣಾಪುರದ ಕೆರೆಯೆಂದು ಪ್ರವಾಸಿಗರು ಕರೆಯುವುದು ವಾಸ್ತವವಾಗಿ ತುಂಗಭದ್ರಾ ಎಡದಂಡೆ ಕಾಲುವೆಯ ಸಮತೋಲನ ಜಲಾಶಯ. ಗಂಗಾವತಿಗೆ 'ಭತ್ತದ ಕಣಜ' ಎಂಬ ಹೆಸರು ತಂದುಕೊಟ್ಟ ನೀರು ಹರಿಯುವ ವ್ಯವಸ್ಥೆಯ ಒಂದು ಕೊಂಡಿ ಅದು. ಅದರ ದಂಡೆಯಲ್ಲಿ ಸುರಿದ ಕೊಳಚೆ ಕಾಲುವೆಗಿಳಿದು ಕೆಳಗಿನ ಹಳ್ಳಿಗಳ ಗದ್ದೆಗೆ, ಜಾನುವಾರುಗಳ ಬಾಯಿಗೆ ತಲಪುತ್ತದೆ. ಹೊಳೆಯ ಕಥೆಯೂ ಇದೇ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ನೀರುನಾಯಿಗಾಗಿ ದೇಶದಲ್ಲಿ ಮಾಡಿದ ಮೊದಲ ಮೀಸಲದು. ಆನೆಗೊಂದಿಯ ಹೊಳೆ ಆ ಮೀಸಲಿನೊಳಗಿದೆ. ದಂಡೆಯ ಬಂಡೆಸಂದು, ಜೊಂಡುಗಳಲ್ಲಿ ಮರಿಮಾಡುವ ಪ್ರಾಣಿಗೆ ಇರುಳಿನ ದೀಪ, ಧ್ವನಿವರ್ಧಕ, ಒಡೆದ ಬಾಟಲಿಗಳ ನಡುವೆ ಬದುಕು ಸಾಧ್ಯವಿಲ್ಲ. ಮೀನು ತಿಂದು ಹೊಳೆಯ ಆರೋಗ್ಯಕ್ಕೆ ಸಾಕ್ಷಿಯಾಗಿ ನಿಲ್ಲುವ ಜೀವ ಜಾಗ ಬಿಟ್ಟಿತೆಂದರೆ ಅಲ್ಲಿಯ ಮೀನುಗಾರನ ಬಲೆಯೂ ಬರಿದಾಗುವ ದಿನ ದೂರವಿಲ್ಲ.

ಕಡಲತೀರಕ್ಕೆ 1991ರಿಂದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಿದೆ. ಅದನ್ನು ಮುರಿಯುವವರಿದ್ದಾರೆ, ನಂತರದ ತಿದ್ದುಪಡಿಗಳು ಅದನ್ನು ಸಡಿಲಗೊಳಿಸಿಯೂ ಇವೆ. ಆದರೂ ಗೋಕರ್ಣದ ಓಂ ಕಡಲತೀರದಲ್ಲಾಗಲಿ, ಸರ್ಫಿಂಗ್ ಆಟಕ್ಕೆ ಹೆಸರಾದ ಮೂಲ್ಕಿ–ಸಸಿಹಿತ್ಲುವಿನಲ್ಲಾಗಲಿ ಕಟ್ಟುವವನನ್ನು ತಡೆದು ಪ್ರಶ್ನಿಸಲು ಒಂದು ಗೆರೆಯಾದರೂ ಉಂಟು. ಹೊಳೆಯ ದಂಡೆಗೆ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಗೆರೆಯಿಲ್ಲ. ಆನೆಗೊಂದಿಗೆ ಪ್ರಾಧಿಕಾರದ ಮಹಾಯೋಜನೆಯಾದರೂ ಇದೆ. ಶರಾವತಿ, ತುಂಗಾ, ಹೇಮಾವತಿಗಳ ಮೇಲ್ದಂಡೆಯ ಹಳ್ಳಿಗಳಿಗೆ ಅದೂ ಇಲ್ಲ.

ನೀರಿನ ಲೆಕ್ಕ

ಭಾವನೆಯ ಮಾತನ್ನು ಬದಿಗಿಟ್ಟು ಲೆಕ್ಕ ಹಾಕಬಹುದು. ಜಲಜೀವನ ಯೋಜನೆಯಲ್ಲಿ ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ ಕೊಡಬೇಕೆಂದು ಇಟ್ಟುಕೊಂಡಿರುವ ಗುರಿ 55 ಲೀಟರ್ ನೀರು. ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಬೇಕೆಂಬುದು ಭಾರತೀಯ ಮಾನಕ ಸಂಸ್ಥೆಯ ಅಳತೆ. ಇಪ್ಪತ್ತು ಕೋಣೆ, ನಲವತ್ತು ಹಾಸಿಗೆಗಳ ಒಂದು ರೆಸಾರ್ಟನ್ನು ಊಹಿಸಿಕೊಂಡರೆ ತುಂಬಿದ ದಿನ ಅದಕ್ಕೆ ಬೇಕಾಗುವುದು 7,200 ಲೀಟರ್. ಸುಮಾರು 130 ಹಳ್ಳಿಗರ ದಿನದ ಪಾಲು ಅದು. ಈಜುಕೊಳ, ಹುಲ್ಲುಹಾಸು ಇದ್ದರೆ ಆ ಲೆಕ್ಕ ಬೇರೆ. ಬಳಸಿದ ನೀರಿನ ಐದರಲ್ಲಿ ನಾಲ್ಕು ಪಾಲು ಕೊಳಚೆಯಾಗಿ ಹೊರಬರುತ್ತದೆಂದು ಹಿಡಿದರೆ ದಿನಕ್ಕೆ 5,700 ಲೀಟರಿಗೂ ಹೆಚ್ಚು ಕೊಳಚೆನೀರು ಎಲ್ಲಿಯಾದರೂ ಇಂಗಬೇಕು.

ಎಲ್ಲಿ ಇಂಗಬೇಕು? ಆನೆಗೊಂದಿಯ ಸುತ್ತಲಿನ ನೆಲ ಬಂಡೆಯ ಮೇಲೆ ಹಾಸಿದ ತೆಳುಮಣ್ಣು. ಬಂಡೆಯ ಬಿರುಕು ಹಿಡಿದು ಹೋದ ನೀರು ಸೋಸಿಕೊಳ್ಳುವುದಿಲ್ಲ. ಹೋದ ಹಾಗೆಯೇ ಹೋಗಿ ಬಾವಿಯಲ್ಲಿಯೋ ಕಾಲುವೆಯಲ್ಲಿಯೋ ಹೊರಬೀಳುತ್ತದೆ. ಗದ್ದೆಯ ನಡುವೆ ತೋಡಿದ ಇಂಗುಗುಂಡಿಗೆ ಕಾಲುವೆಯ ನೀರು ಬಿಟ್ಟ ತಿಂಗಳುಗಳಲ್ಲಿ ಇಂಗಲು ಸ್ಥಳವೇ ಇರುವುದಿಲ್ಲ. ಪ್ರವಾಸಿಗರು ಹೆಚ್ಚಾಗಿ ಬರುವುದು ನವೆಂಬರಿನಿಂದ ಫೆಬ್ರುವರಿಯವರೆಗೆ. ಅವರ ಸ್ನಾನದ ನೀರು ಮಣ್ಣಿನಲ್ಲಿ, ಪ್ಲಾಸ್ಟಿಕ್ಕು ಹಳ್ಳದಲ್ಲಿ ಉಳಿಯುವುದು ವರ್ಷವಿಡೀ. ಕಸ ಎತ್ತುವ ವಾಹನ, ಅದರ ಚಾಲಕನ ಸಂಬಳ, ಕಸ ಹಾಕುವ ಜಾಗ ಎಲ್ಲವನ್ನೂ ಹೊಂದಿಸಬೇಕಾದದ್ದು ಗ್ರಾಮ ಪಂಚಾಯಿತಿ. ಪರವಾನಗಿಯೇ ಇಲ್ಲದ ಕಟ್ಟಡದಿಂದ ಅದಕ್ಕೆ ಬರುವ ತೆರಿಗೆಯಾದರೂ ಎಷ್ಟು?

ಊರಿಂದ ದೂರ, ನೆರೆಯಿಂದ ದೂರ

2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಬಳಿ ಕಾಲುವೆಯ ದಂಡೆಯಲ್ಲಿ ಕುಳಿತಿದ್ದ ಪ್ರವಾಸಿಗರ ಗುಂಪಿನ ಮೇಲೆ ದಾಳಿ ನಡೆಯಿತು. ಇಬ್ಬರು ಮಹಿಳೆಯರ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು. ಕಾಲುವೆಗೆ ತಳ್ಳಲ್ಪಟ್ಟ ಗಂಡಸರಲ್ಲಿ ಒಬ್ಬರು ಸಾವಿಗೀಡಾದರು. ಈ ಕೃತ್ಯದ ಹೊಣೆ ಅದನ್ನು ಎಸಗಿದವರದು ಮಾತ್ರ. ಇರುಳಿನಲ್ಲಿ ನಕ್ಷತ್ರ ನೋಡಲು ಕುಳಿತವರದು ತಪ್ಪೆನ್ನುವ ಮಾತು ಅಮಾನವೀಯ. ಆದರೆ ಸರ್ಕಾರಕ್ಕೆ ಕೇಳಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ. ಊರಿಂದ ಹೊರಗೆ, ಬೀದಿದೀಪವಿಲ್ಲದ ದಾರಿಗಳ ತುದಿಯಲ್ಲಿ ನೂರಾರು ಜನ ತಂಗುವ ವ್ಯವಸ್ಥೆ ಬೆಳೆಯುತ್ತಿದ್ದಾಗ ಅವರ ರಕ್ಷಣೆಯ ಹೊಣೆ ಯಾರದೆಂದು ಏಕೆ ಯಾರೂ ಯೋಚಿಸಲಿಲ್ಲ? ಕಾನೂನಿನ ಕಣ್ಣಿಗೆ ಇಲ್ಲದ ಕಟ್ಟಡದಲ್ಲಿ ಇರುವ ಅತಿಥಿಯೂ ಆಡಳಿತದ ಕಣ್ಣಿಗೆ ಇಲ್ಲದವನಾಗುತ್ತಾನೆ. ಘಟನೆ ನಡೆದ ಮೇಲೆ ಅಧಿಕಾರಿಗಳು ಬಂದರು, ತಪಾಸಣೆಗಳಾದವು. ಘಟನೆಗೆ ಮುನ್ನ ಬರಬೇಕಾದವರು ಅವರು.

ಊರೊಳಗಿನ ಓಣಿಯಲ್ಲಿ ಸಂಜೆಯ ಹೊತ್ತಿಗೆ ಕಟ್ಟೆಯ ಮೇಲೆ ನಾಲ್ಕು ಜನ ಕುಳಿತಿರುತ್ತಾರೆ. ಹೊಸಬರು ಬಂದರೆ ಯಾರ ಮನೆಗೆ ಬಂದವರೆಂದು ವಿಚಾರಿಸುತ್ತಾರೆ. ಪೇಟೆಯಿಂದ ಬಂದವರಿಗೆ ಆ ವಿಚಾರಣೆ ಕಿರಿಕಿರಿಯೆನಿಸಬಹುದು. ಅದೇ ಅವರ ರಕ್ಷಣೆಯೂ ಹೌದು.

ಊರೊಳಗಿನ ಮನೆ

ಆನೆಗೊಂದಿಯಲ್ಲಿ ಬೇರೊಂದು ದಾರಿಯೂ ಬೆಳೆದುಬಂದಿದೆ. 1997ರಲ್ಲಿ ಆರಂಭವಾದ ಕಿಷ್ಕಿಂಧಾ ಟ್ರಸ್ಟ್ ಊರಿನ ಹಳೆಯ ಮನೆಗಳ ದುರಸ್ತಿ, ಬಾಳೆನಾರಿನ ಕೈಕಸುಬು, ಊರವರ ಮನೆಗಳಲ್ಲಿಯೇ ಅತಿಥಿಗಳಿಗೆ ಕೋಣೆ ಎಂಬ ಕ್ರಮವನ್ನು ಹಿಡಿದು ಕೆಲಸ ಮಾಡಿತು. ಗೊನೆ ಕಡಿದ ಮೇಲೆ ಎಸೆಯುವ ಬಾಳೆದಿಂಡಿನ ನಾರಿನಿಂದ ಹೆಂಗಸರು ಚೀಲ, ಚಾಪೆ, ಬುಟ್ಟಿ ಹೆಣೆಯತೊಡಗಿದರು. ಕಲ್ಲು ಮಣ್ಣಿನ ಗೋಡೆ, ಮರದ ಕಂಬಗಳ ಹಳೆಯ ಮನೆ ಕೆಡವಬೇಕಾದ ಹೊರೆಯಾಗಿ ಕಾಣುತ್ತಿದ್ದುದು, ಅತಿಥಿ ಹುಡುಕಿಕೊಂಡು ಬರುವ ಆಸ್ತಿಯಾಗಿ ಕಾಣಿಸಿತು. ಇದರಿಂದ ಊರಿನ ಬಡತನ ನೀಗಿಹೋಯಿತೆಂದು ಹೇಳಲಾಗದು. ಆದರೆ ಗದ್ದೆಯ ಒಂದು ಗುಂಟೆಯನ್ನೂ ಮುಟ್ಟದೆ, ಬಂಡೆ ಒಡೆಯದೆ ಅತಿಥಿಗೆ ಜಾಗ ಮಾಡಿಕೊಡಬಹುದೆಂಬುದು ಸಿದ್ಧವಾಯಿತು.

ಈ ಎರಡು ಬಗೆಗಳ ನಡುವಿನ ವ್ಯತ್ಯಾಸ ಹಣದ ಹರಿವಿನಲ್ಲಿಯೂ ಇದೆ. ಮನೆಯಲ್ಲಿ ಉಳಿದ ಅತಿಥಿ ಕೊಟ್ಟ ಬಾಡಿಗೆ ಆ ಮನೆಯವರ ಕೈಗೆ ಬೀಳುತ್ತದೆ. ಅವನ ಊಟದ ಜೋಳ, ಸೊಪ್ಪು, ಮೊಸರು ಪಕ್ಕದ ಮನೆಯಿಂದ ಬರುತ್ತವೆ. ಗೇಣಿಗೆ ಹಿಡಿದ ಗದ್ದೆಯಲ್ಲಿ ಹೊರಗಿನ ಬಂಡವಾಳಗಾರ ಕಟ್ಟಿದ ರೆಸಾರ್ಟಿನಿಂದ ಊರಿಗೆ ಸಿಗುವುದು ಗೇಣಿಯ ಹಣ ಮತ್ತು ಕೆಲವು ಕೂಲಿಯ ಕೆಲಸ. ಗೇಣಿಯ ಅವಧಿ ಮುಗಿದಾಗ ರೈತನಿಗೆ ಮರಳುವುದು ಕಾಂಕ್ರೀಟು ಹೂತ ನೆಲ. ಅದರಲ್ಲಿ ಮತ್ತೆ ನಾಟಿ ಮಾಡುವುದು ಸುಲಭವೇ?

ಇಲ್ಲಿ ಹೆಸರಿನ ಮೋಸದ ಬಗ್ಗೆಯೂ ಎಚ್ಚರ ಬೇಕು. ಇಂದು ಮೂವತ್ತು ಕೋಣೆಗಳ ಕಟ್ಟಡಕ್ಕೂ 'ಹೋಮ್‌ಸ್ಟೇ' ಎಂಬ ಫಲಕ ತೂಗುತ್ತದೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಈ ಹೆಸರಿಗೆ ಇರುವ ಅರ್ಥ ಸ್ಪಷ್ಟ: ಮಾಲೀಕನ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು, ಬಾಡಿಗೆಯ ಕೋಣೆಗಳು ಆರನ್ನು, ಹಾಸಿಗೆಗಳು ಹನ್ನೆರಡನ್ನು ಮೀರಬಾರದು. ಮನೆಯವರೇ ಇಲ್ಲದ ಮನೆಯಲ್ಲಿ ಅತಿಥಿಯಾಗುವುದೆಂದರೇನು? ಅದು ಹೋಟೆಲು. ಹೋಟೆಲಿಗೆ ಹೋಟೆಲಿನ ಕಾನೂನು, ತೆರಿಗೆ, ಕೊಳಚೆ ಶುದ್ಧೀಕರಣದ ನಿಯಮ ಅನ್ವಯವಾಗಲಿ.

ಎದುರು ವಾದಗಳು

ಇದಕ್ಕೆ ಬರುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು ರೈತನದು. ಗೊಬ್ಬರ, ಕೂಲಿ, ಔಷಧಿಗಳ ಖರ್ಚು ಕಳೆದು ಭತ್ತದಲ್ಲಿ ಉಳಿಯುವುದು ಎಷ್ಟೆಂದು ಬೆಳೆದವನಿಗೇ ಗೊತ್ತು. 2024ರ ಆಗಸ್ಟಿನಲ್ಲಿ ಜಲಾಶಯದ 19ನೆಯ ಗೇಟು ಕೊಚ್ಚಿಹೋಗಿ ನೀರು ಪೋಲಾದಾಗ ಎರಡನೆಯ ಬೆಳೆಯ ಚಿಂತೆಯಲ್ಲಿ ಕುಳಿತವನೂ ಅವನೇ. ಅಂಥವನಿಗೆ ಗೇಣಿಯ ಹಣ ಪ್ರತಿ ತಿಂಗಳೂ ಬರುತ್ತದೆಂದರೆ ಅವನು ಬೇಡವೆನ್ನಬೇಕೆಂದು ಹೇಳುವ ಹಕ್ಕು ಪೇಟೆಯ ಪರಿಸರವಾದಿಗೆ ಎಲ್ಲಿಂದ ಬಂತು? ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ತರ ರೈತನಿಗೆ ಉಪದೇಶ ಮಾಡುವುದಲ್ಲ. ಅತಿಥಿಯ ಹಣ ಗೇಣಿಯ ರೂಪದಲ್ಲಿ ಬಾರದೆ ಅವನ ಮನೆಯ ಕೋಣೆಯ ಬಾಡಿಗೆಯಾಗಿ ಬರುವಂತೆ ಮಾಡಬೇಕು.

ಎರಡನೆಯ ಆಕ್ಷೇಪ ಹಳ್ಳಿಯ ಮನೆಯೊಡತಿಯದು. ಮನೆ ಚಿಕ್ಕದು, ಶೌಚಾಲಯ ಒಂದೇ, ಅತಿಥಿಗೆ ಪ್ರತ್ಯೇಕ ಕೋಣೆ ಕಟ್ಟೋಣವೆಂದರೆ ಪ್ರಾಧಿಕಾರದ ಒಪ್ಪಿಗೆಗೆ ತಿಂಗಳುಗಟ್ಟಲೆ ಅಲೆಯಬೇಕು. ನಿಯಮ ಪಾಲಿಸುವವನ ಅರ್ಜಿ ಕಚೇರಿಯಲ್ಲಿ ಧೂಳು ಹಿಡಿಯುತ್ತದೆ. ನಿಯಮ ಮುರಿದವನ ಕೋಣೆಗೆ ಆ ವೇಳೆಗೆ ಬಣ್ಣ ಬಳಿದಾಗಿರುತ್ತದೆ. ಪರಂಪರೆಯ ಹೆಸರಿನಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಬೇರೆಯಿಲ್ಲ. ಊರಗಡಿಯೊಳಗೆ, ಹಳೆಯ ಮನೆಯ ಅಳತೆಯನ್ನು ಮೀರದೆ ಕೋಣೆ, ಶೌಚಾಲಯ ಕಟ್ಟಿಕೊಳ್ಳುವವರಿಗೆ ಗೊತ್ತಾದ ದಿನಗಳೊಳಗೆ ಒಪ್ಪಿಗೆ ಸಿಗಬೇಕು. ಮಾದರಿ ನಕ್ಷೆಗಳನ್ನು ಪ್ರಾಧಿಕಾರವೇ ಪಂಚಾಯಿತಿಯಲ್ಲಿ ಇಡಬೇಕು. ಸಾಲಕ್ಕೆ ಸಹಕಾರ ಸಂಘ ಮುಂದೆ ಬರಬೇಕು. ಬಾಗಿಲು ತೆರೆದಿರದ ಕಡೆ ಜನ ಗೋಡೆ ಹಾರುತ್ತಾರೆ.

ಮೂರನೆಯದು ಪ್ರವಾಸಿಯ ಆಕ್ಷೇಪ. ಬಿಡುವಿಗೆಂದು ಬಂದವರಿಗೆ ಓಣಿಯ ಗದ್ದಲ, ಕೋಳಿಯ ಕೂಗು, ಮನೆಯವರ ಕಟ್ಟುಪಾಡು ಏಕೆ ಬೇಕು? ಬೇಡವಾದವರಿಗೆ ಹೊಸಪೇಟೆಯಲ್ಲಿಯೂ ಗಂಗಾವತಿಯಲ್ಲಿಯೂ ಚರಂಡಿ, ರಸ್ತೆ, ಬಸ್ಸುಗಳುಳ್ಳ ವಸತಿಗೃಹಗಳಿವೆ. ಗಂಗಾವತಿಯಿಂದ ಆನೆಗೊಂದಿಗೆ ಹತ್ತು ಹನ್ನೆರಡು ಕಿಲೋಮೀಟರ್ ಮಾತ್ರ. ಬೆಳಿಗ್ಗೆ ಬಂದು ಸಂಜೆ ಮರಳಿದವನಿಗೆ ಬಂಡೆಯೂ ಸಿಗುತ್ತದೆ, ಹೊಳೆಯೂ ಸಿಗುತ್ತದೆ. ನೋಡುವ ಹಕ್ಕು ಎಲ್ಲರಿಗೂ ಇದೆ. ನೋಡಿದ ಜಾಗದಲ್ಲಿಯೇ ಮಲಗುವ ಹಕ್ಕು ಯಾರಿಗೂ ಇಲ್ಲ.

ಮಲೆನಾಡು ಕಲಿಯಬೇಕಾದದ್ದು

ಕೊಡಗು, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು, ಆಗುಂಬೆಗಳ ಹಳ್ಳಿಗರಿಗೆ ಆನೆಗೊಂದಿಯ ಕಥೆಯಲ್ಲಿ ತಮ್ಮ ಊರೇ ಕಾಣಬೇಕು. ಗದ್ದೆಯ ಜಾಗದಲ್ಲಿ ಕಾಫಿತೋಟ, ಬಂಡೆಯ ಜಾಗದಲ್ಲಿ ಶೋಲೆಯ ಅಂಚು, ಹೊಳೆಯ ಜಾಗದಲ್ಲಿ ಜಲಪಾತವೆಂದು ಬದಲಿಸಿ ಓದಿದರೆ ಸಾಕು. ಒಂದೇ ವ್ಯತ್ಯಾಸವೆಂದರೆ ಬಂಡೆಯ ನಾಡು ತಪ್ಪನ್ನು ತಾಳಿಕೊಳ್ಳುತ್ತದೆ. ಜೇಡಿಮಣ್ಣಿನ ಇಳಿಜಾರು ತಾಳಿಕೊಳ್ಳುವುದಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಜಾರಿದ್ದನ್ನೂ, 2024ರ ಜುಲೈಯಲ್ಲಿ ನೆರೆಯ ವಯನಾಡಿನ ಮುಂಡಕೈ–ಚೂರಲ್‌ಮಲೆಗಳು ಒಂದು ರಾತ್ರಿಯಲ್ಲಿ ಮಣ್ಣುಪಾಲಾದದ್ದನ್ನೂ ಕಂಡ ಮೇಲೆ, ಗುಡ್ಡ ಕಡಿದು ಸಮತಟ್ಟು ಮಾಡಿದ ಅಂಚಿನಲ್ಲಿ 'ಕಣಿವೆಯ ನೋಟದ ಕೋಣೆ' ಕಟ್ಟುವ ಧೈರ್ಯ ಯಾರಿಗೆ ಬರಬೇಕು?

ಪಶ್ಚಿಮಘಟ್ಟದ ಕುರಿತ 2011ರ ಗಾಡ್ಗೀಳ್ ಸಮಿತಿಯ ವರದಿ ಒಂದು ಮಾತನ್ನು ಒತ್ತಿ ಹೇಳಿತ್ತು: ಏನು ಬೇಕು, ಏನು ಬೇಡವೆಂಬ ತೀರ್ಮಾನ ಗ್ರಾಮಸಭೆಯಿಂದ ಮೇಲಕ್ಕೆ ಹೋಗಬೇಕು. ವರದಿಯ ಉಳಿದ ವಿಚಾರಗಳಲ್ಲಿ ಭಿನ್ನಾಭಿಪ್ರಾಯ ಇರುವವರೂ ಈ ಮಾತನ್ನು ಅಲ್ಲಗಳೆಯಲಾರರು. ತಮ್ಮ ಊರಿನಲ್ಲಿ ಅತಿಥಿ ಎಲ್ಲಿ ತಂಗಬಹುದು, ಎಲ್ಲಿ ತಂಗಬಾರದು, ಒಟ್ಟು ಎಷ್ಟು ಹಾಸಿಗೆಗಳಿಗೆ ಊರಿನ ಬೇಸಿಗೆಯ ನೀರು ಸಾಕಾದೀತು ಎಂಬ ಮೂರು ವಿಷಯಗಳನ್ನು ಪ್ರತಿ ಗ್ರಾಮಸಭೆಯೂ ಈಗಲೇ ನಿರ್ಣಯವಾಗಿ ಬರೆದಿಡಬೇಕು. ಮೊದಲ ಕಟ್ಟಡದ ಪಾಯ ತೆಗೆಯುವ ಮುನ್ನ ಮಾಡಿದ ನಿರ್ಣಯಕ್ಕೆ ಬೆಲೆಯಿದೆ. ಮೂವತ್ತನೆಯ ಕಟ್ಟಡ ಎದ್ದ ಮೇಲೆ ಮಾಡಿದ್ದು ವಿರುಪಾಪುರ ಗಡ್ಡೆಯ ದಾರಿಯನ್ನೇ ಹಿಡಿಯುತ್ತದೆ.

ಮಲೆನಾಡಿನ ಶಾಲೆ ಕಾಲೇಜುಗಳಿಂದ ಹಂಪಿಗೆ ಪ್ರವಾಸ ಹೊರಡುವ ವಿದ್ಯಾರ್ಥಿಗಳ ಕೈಯಲ್ಲಿಯೂ ಒಂದು ಅಧಿಕಾರವಿದೆ. ಕೋಣೆ ಗೊತ್ತುಮಾಡುವ ಮುನ್ನ ಅವರು ಈ ಐದು ಪ್ರಶ್ನೆಗಳನ್ನು ಕೇಳಬಹುದು:

1. ಮನೆಯವರು ಅದೇ ಮನೆಯಲ್ಲಿ ವಾಸವಿದ್ದಾರೆಯೇ?

2. ಮನೆ ಊರಗಡಿಯ ಒಳಗಿದೆಯೇ, ಅಥವಾ ಗದ್ದೆ, ಬಂಡೆ, ಹೊಳೆದಂಡೆಯ ಮೇಲಿದೆಯೇ?

3. ಪಂಚಾಯಿತಿಯ ಮತ್ತು ಪ್ರವಾಸೋದ್ಯಮ ಇಲಾಖೆಯ ಪತ್ರಗಳನ್ನು ತೋರಿಸುವರೇ?

4. ಬಚ್ಚಲಿನ ನೀರು, ಶೌಚದ ನೀರು, ಕಸ ಎಲ್ಲಿಗೆ ಹೋಗುತ್ತವೆ?

5. ಅಡುಗೆ ಮಾಡುವವರು, ದಾರಿ ತೋರಿಸುವವರು, ಹರಿಗೋಲು ಹಾಕುವವರು ಆ ಊರಿನವರೇ?

ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡುವ ಮನೆಗಳು ಆನೆಗೊಂದಿಯಲ್ಲಿವೆ. ಬಾಡಿಗೆ ಸ್ವಲ್ಪ ಹೆಚ್ಚಿರಬಹುದು, ಕಿಟಕಿಯಿಂದ ಕಾಣುವುದು ಎದುರು ಮನೆಯ ಗೋಡೆ ಮಾತ್ರವಾಗಿರಬಹುದು. ಗದ್ದೆ ನೋಡಬೇಕೆನಿಸಿದರೆ ಹತ್ತು ನಿಮಿಷ ನಡೆದರಾಯಿತು. ನಡೆದುಹೋದಾಗ ಅಲ್ಲಿ ಗದ್ದೆ ಇರುವಂತೆ ನೋಡಿಕೊಳ್ಳುವುದು ರಾತ್ರಿ ಎಲ್ಲಿ ಮಲಗಬೇಕೆಂದು ಆರಿಸುವವನ ಹೊಣೆ.